ಚನ್ನಾಜಮ್ಮನ ಹನ್ನೆರಡು ನಿಮಿಷ

ಡಾಕ್ಟರ್ ಇನಾಯತ್ ಆ ಮಿಷನ್ನನ್ನು ಮೊದಲ ಸಲ ಚಾಲೂ ಮಾಡಿದ ದಿನ ಊರಿನ ಜನವೆಲ್ಲ ಕಿವಿ ಮುಚ್ಚಿಕೊಂಡು ಬೀದಿಗೆ ಬಂದುಬಿಟ್ಟರು. ಪಕ್ಕದಲ್ಲೇ ನಿಂತಿದ್ದ ನಾನು ಕೈಯಲ್ಲಿದ್ದ ಡ್ರೆಸ್ಸಿಂಗ್ ತಟ್ಟೆಯನ್ನು ಕೆಳಗೆ ಹಾಕಿದೆ. ಡಾಕ್ಟರು ಮಾತ್ರ ಏನೂ ತಿಳಿಯದೆ ನನ್ನನ್ನೇ ನೋಡುತ್ತಿದ್ದರು.

"ಯಾಕೆ ಸಿಸ್ಟರ್, ಏನಾಯ್ತು?"

"ಈ ಸದ್ದು ಸರ್."

"ಯಾವ ಸದ್ದು?"

ಅವರು ಹೊರಗಿನವರು. ಹೊರಗಿನವರಿಗೆ ಅದು ಕೇಳಿಸುವುದಿಲ್ಲ, ನಮ್ಮೂರಲ್ಲಿ ಹುಟ್ಟಿದವರಿಗೆ ಕೇಳಿಸುತ್ತದೆ. ಸಂಜೆ ಹುಣಸೆ ಮರದಿಂದ ಏಳುವ ಬಾವಲಿಗಳು ತಮ್ಮೊಳಗೆ ಏನೋ ಮಾತಾಡಿಕೊಳ್ಳುವುದನ್ನು ನಾವು ಚಿಕ್ಕಂದಿನಿಂದ ಕೇಳಿಸಿಕೊಂಡೇ ಬೆಳೆದವರು. ಎಲ್ಲ ಊರಲ್ಲೂ ಹೀಗೇ ಇರುತ್ತದೆ ಎಂದುಕೊಂಡಿದ್ದೆವು. ಆದರೆ ಬಾವಲಿಯ ಮಾತನ್ನು ಸಹಿಸಬಹುದು. ಈ ಮಿಷನ್ನಿನ ಸದ್ದು ಹಲ್ಲಿನ ಬೇರಿಗೆ ಸೂಜಿ ಇಳಿಸಿ ಅಲ್ಲಾಡಿಸಿದ ಹಾಗಿತ್ತು. ಆಸ್ಪತ್ರೆಯಿಂದ ಇಟ್ಟಿಗೆ ಗೂಡಿನವರೆಗೆ, ಅಂದರೆ ಊರು ಮುಗಿಯುವವರೆಗೆ, ಗೋಡೆ ಬಾಗಿಲು ಯಾವುದನ್ನೂ ಲೆಕ್ಕಿಸದೆ ಅದು ಹೋಗುತ್ತಿತ್ತು.

ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು ತಿಳಿಸಿ ಹೇಳಿದರು. ಬಸುರಿಯರಿಗೆ ಸ್ಕ್ಯಾನ್ ಮಾಡುತ್ತಾರಲ್ಲ, ಅದರ ನೆಂಟನೇ ಈ ಅಲ್ಟ್ರಾಸೌಂಡ್. ಹಳೇ ಗಾಯದೊಳಗೆ ಕ್ರಿಮಿಗಳು ಲೋಳೆಯ ಗೂಡು ಕಟ್ಟಿಕೊಂಡು ಅಡಗಿರುತ್ತವೆ. ಎಷ್ಟು ಆಂಟಿಬಯಾಟಿಕ್ ಕೊಟ್ಟರೂ ಅದು ಗೂಡಿನ ಹೊರಗೇ ನಿಂತುಬಿಡುತ್ತದೆ. ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಯ ಮೇಲೆ ಗಾಯದ ಮೇಲೆ ಮಿಷನ್ನಿನ ಹಿಡಿಕೆ ಆಡಿಸಿದರೆ ಗೂಡು ಅದುರಿ ಸಡಿಲವಾಗುತ್ತದೆ, ಔಷಧ ಒಳಗೆ ನುಗ್ಗುತ್ತದೆ.

"ಸದ್ದು ತಾನಾಗಿ ಯಾವುದನ್ನೂ ಕೊಲ್ಲಲ್ಲ ಸಿಸ್ಟರ್. ಔಷಧಿಗೆ ದಾರಿ ಬಿಡಿಸುತ್ತೆ ಅಷ್ಟೇ. ಆದ್ರೆ ದಿನಾ ಕೊಡ್ಬೇಕು. ಬಿಟ್ರೆ ಅವು ಮತ್ತೆ ಗೂಡು ಕಟ್ತವೆ" ಎಂದರು.

ಗಾರೆ ಕೆಲಸದ ಹನುಮಯ್ಯನ ಮೊಣಕೈ ಎರಡು ವರ್ಷದಿಂದ ಕೀವು ಸೋರುತ್ತಿತ್ತು. ಹನ್ನೊಂದು ದಿನ ಸದ್ದು ಕೊಟ್ಟ ಮೇಲೆ ಒಣಗಿತು. ಅದನ್ನು ಕಣ್ಣಾರೆ ಕಂಡ ಮೇಲೆ ಊರು ಒಪ್ಪಿಕೊಂಡಿತು. ದಿನಕ್ಕೆ ಒಬ್ಬರೇ ರೋಗಿ, ಬೆಳಿಗ್ಗೆ ಹನ್ನೊಂದಕ್ಕೆ, ಹನ್ನೆರಡೇ ನಿಮಿಷ. ಶಾಲೆಯಲ್ಲಿ ಆ ಹೊತ್ತಿಗೆ ಆಟಕ್ಕೆ ಬಿಡುವ ಹಾಗೆ ಬೆಲ್ಲು ಬದಲಾಯಿಸಿದರು. ಕ್ಷೌರದಂಗಡಿಯವನು ಹನ್ನೊಂದಾಗುತ್ತಲೇ ಕತ್ತಿ ಕೆಳಗಿಡುತ್ತಿದ್ದ, ಅರ್ಧ ಗಡ್ಡ ಆದವರು ನೊರೆ ಮೆತ್ತಿಕೊಂಡೇ ಕಿವಿಗೆ ಬೆರಳು ತುರುಕಿ ಕೂರುತ್ತಿದ್ದರು. ಮದುವೆಗೆ ಮುಹೂರ್ತ ಇಡುವವರು ರಾಹುಕಾಲದ ಜೊತೆಗೆ ಇದನ್ನೂ ಬಿಟ್ಟು ಇಡುತ್ತಿದ್ದರು. ಎಳೇ ಮಕ್ಕಳಿದ್ದವರು ಅವನ್ನು ಎತ್ತಿಕೊಂಡು ಇಟ್ಟಿಗೆ ಗೂಡಿನ ಆಚೆಗೆ ಹೋಗಿ ಬರುತ್ತಿದ್ದರು. ಯಾರು ಹೇಳಿಕೊಟ್ಟರೋ, ಒಂದು ರೂಢಿಯೂ ಬೆಳೆಯಿತು. ಯಾರಿಗೆ ಚಿಕಿತ್ಸೆ ಶುರುವಾಗಬೇಕೋ ಅವರ ಮನೆಯವರು ಹಿಂದಿನ ದಿನ ಬೀದಿ ಬೀದಿ ಸುತ್ತಿ, "ನಾಳೆಯಿಂದ ನಮ್ಮನೆಯವರ ಸದ್ದು, ಸ್ವಲ್ಪ ಸಹಿಸ್ಕೊಳ್ಳಿ" ಎಂದು ಹೇಳಿಬರುವುದು. ಕೇಳಿದವರು "ಆಗ್ಲಿ, ಬೇಗ ಗುಣವಾಗ್ಲಿ" ಎನ್ನುವುದು. ಡಾಕ್ಟರು ವಾರಕ್ಕೆ ಒಂದೆರಡು ದಿನ ಬಂದು ನೋಡಿ ಹೋಗುತ್ತಿದ್ದರು; ದಿನಾ ಮಿಷನ್ನು ನಡೆಸುವವಳು ನಾನಾದ್ದರಿಂದ ಜನ ನನ್ನನ್ನು ಕಂಡರೆ ಒಂದು ಕಡೆ ಮುಖ ಸಿಂಡರಿಸುತ್ತಿದ್ದರು, ಇನ್ನೊಂದು ಕಡೆ ಕೈ ಮುಗಿಯುತ್ತಿದ್ದರು. ಅದು ನನಗೆ ಇಷ್ಟವೇ ಆಗಿತ್ತು.

ಹೀಗೆ ಮೂರು ವರ್ಷ ಕಳೆದ ಮೇಲೆ ಚನ್ನಾಜಮ್ಮ ಬಂದಳು.

ಚನ್ನಾಜಮ್ಮ ಅಕ್ಕಿ ಗಿರಣಿಯಲ್ಲಿ ಮೂವತ್ತೊಂದು ವರ್ಷ ದುಡಿದವಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ, ಗಿರಣಿಯ ಹಿಂದಿನ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು. ಗಿರಣಿಯ ಗದ್ದಲ ಆಕೆಯ ಕಿವಿಗಳನ್ನು ಪೂರ್ತಿ ತಿಂದುಹಾಕಿತ್ತು. ಮಾತು ಮಾತ್ರ ಚೆನ್ನಾಗಿತ್ತು. ಗಿರಣಿಯವರೆಲ್ಲ ಮಾತಾಡುವಂತೆ ಜೋರಾಗಿ ಮಾತಾಡುತ್ತಿದ್ದಳು, ಎದುರಿನವರ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಿದ್ದಳು. ತೌಡಿನ ರಾಶಿಯಲ್ಲಿ ಬಿದ್ದಿದ್ದ ಮೊಳೆಯೊಂದು ಬಲಗಾಲಿನ ಹಿಮ್ಮಡಿಗೆ ಚುಚ್ಚಿ, ಕೀವು ಎಲುಬಿನವರೆಗೆ ಇಳಿದಿತ್ತು. ಡಾಕ್ಟರು ನೋಡಿ, "ಇದು ಹತ್ತು ದಿನದ ಕೆಲಸ ಅಲ್ಲ, ನಲವತ್ತು ದಿನವಾದ್ರೂ ಬೇಕು" ಎಂದರು.

ಸುತ್ತಿ ಹೇಳಿಬರಲು ಆಕೆಗೆ ಮನೆಯವರು ಯಾರೂ ಇರಲಿಲ್ಲ. ತಾನೇ ಕೋಲೂರಿಕೊಂಡು ಹೊರಟಳು. ಮನೆಮನೆಯ ಬಾಗಿಲಲ್ಲಿ ನಿಂತು, "ನಾಳೆಯಿಂದ ನನ್ನ ಸದ್ದಂತೆ ಕಣ್ರಪ್ಪ. ಅದು ಹೆಂಗಿರುತ್ತೋ ನಂಗೊತ್ತಿಲ್ಲ. ಸಹಿಸ್ಕೊಳ್ಳಿ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು. ಆವತ್ತು ಎಲ್ಲರೂ ನಕ್ಕರು, ಒಳ್ಳೆಯ ಮಾತೇ ಆಡಿದರು.

ಹದಿನೈದು ದಿನ ಕಳೆಯುವ ಹೊತ್ತಿಗೆ ಆ ನಗು ಉಳಿದಿರಲಿಲ್ಲ. ಅಷ್ಟು ದೀರ್ಘವಾಗಿ ಯಾರ ಸದ್ದೂ ನಡೆದಿರಲಿಲ್ಲ. ಎಲುಬಿನ ಗಾಯಕ್ಕೆ ಡಾಕ್ಟರು ಮಿಷನ್ನಿನ ಜೋರನ್ನೂ ಹೆಚ್ಚಿಸಿದ್ದರು. "ಅವಳಿಗೇನು, ಕೇಳ್ಸುತ್ತಾ? ಕೇಳ್ಸಿದ್ರೆ ಗೊತ್ತಾಗ್ತಿತ್ತು" ಎಂದು ಹೂವಿನಂಗಡಿಯ ಮುಂದೆ ಒಬ್ಬಳು ಅಂದಳು. ಶಾಲೆಯ ಹೆಡ್‌ಮಾಸ್ಟರು ಗಂಗಾಧರಪ್ಪನವರು ಬಿ.ಪಿ. ಮಾತ್ರೆಗೆ ಬಂದಾಗಲೆಲ್ಲ, "ಇನ್ನೆಷ್ಟು ದಿನ ಸಿಸ್ಟರ್? ಪರೀಕ್ಷೆ ಹತ್ರ ಬಂತು" ಎಂದು ಕೇಳುತ್ತಿದ್ದರು. ನಾನು ಡಾಕ್ಟರ ಹೆಸರು ಹೇಳಿ ಸುಮ್ಮನಾಗುತ್ತಿದ್ದೆ.

ಆ ದಿನಗಳಲ್ಲೇ ನನ್ನ ಮಗಳು ಹೇಮ ಹೆರಿಗೆಗೆ ಬಂದಿದ್ದಳು. ನಮ್ಮ ಮನೆ ಆಸ್ಪತ್ರೆಯ ಕಾಂಪೌಂಡಿನೊಳಗೇ ಇದ್ದ ಕ್ವಾರ್ಟರ್ಸು. ಹೊಟ್ಟೆ ಕೊಯ್ದು ಮಗು ತೆಗೆದಿದ್ದರು, ಹೆಣ್ಣು ಮಗು. ಹನ್ನೊಂದಾದರೆ ಆ ಮಗು ನೀಲಿಗಟ್ಟುವವರೆಗೆ ಕಿರುಚುತ್ತಿತ್ತು. ಸದ್ದು ನಿಂತ ಮೇಲೂ ಒಂದು ಗಂಟೆ ಮೊಲೆಗೆ ಬಾಯಿ ಹಾಕುತ್ತಿರಲಿಲ್ಲ. ಹೇಮ ಹೊಲಿಗೆಯ ನೋವಿನಲ್ಲಿ ಎದ್ದು ದೂರ ನಡೆಯುವ ಹಾಗಿರಲಿಲ್ಲ, ಅದೇ ಹೊತ್ತಿಗೆ ನಾನು ಮಿಷನ್ನಿನ ಮುಂದೆ ಇರಬೇಕಿತ್ತು. ನಾಲ್ಕು ದಿನ ಪಕ್ಕದ ಮನೆಯ ಜಯಶೀಲಮ್ಮ ಮಗುವನ್ನು ಇಟ್ಟಿಗೆ ಗೂಡಿನ ಆಚೆಗೆ ಎತ್ತಿಕೊಂಡು ಹೋಗಿ ಬಂದರು. ಐದನೇ ದಿನ ಅವರಿಗೆ ಬೇರೆ ಕೆಲಸ ಬಂತು.

ಡಾಕ್ಟರು ಎರಡು ವಾರ ರಜೆಯ ಮೇಲೆ ತಮ್ಮ ಊರಿಗೆ ಹೊರಟಿದ್ದರು. ಹೋಗುವ ಮುಂಚೆ ಚನ್ನಾಜಮ್ಮನ ಕಾಲು ನೋಡಿದರು. ಗಾಯದ ತಳದಲ್ಲಿ ಕೆಂಪಗೆ ಹೊಸ ಮಾಂಸ ತುಂಬಿಕೊಳ್ಳುತ್ತಿತ್ತು. "ಚೆನ್ನಾಗಿ ಬರ್ತಿದೆ. ಅದಕ್ಕೇ ಹೇಳ್ತಿದೀನಿ ಸಿಸ್ಟರ್, ಈಗ ಒಂದು ದಿನವೂ ತಪ್ಪಿಸ್ಬೇಡಿ. ಎಲುಬಿನ ಒಳಗೆ ಇನ್ನೂ ಇದೆ" ಎಂದರು. ನಾನು ತಲೆಯಾಡಿಸಿದೆ.

ಮಾರನೆಯ ಬೆಳಿಗ್ಗೆ ನಾನು ಹೊರಡುವಾಗ ಹೇಮ ಮಗುವನ್ನು ಎದೆಗೊತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು.

"ಅಮ್ಮ, ಇವತ್ತೊಂದಿನ ಬಿಟ್ಬಿಡು. ಆ ಮುದುಕಿಗೆ ಹೆಂಗೂ ವಾಸಿ ಆಗ್ತಿದೆ ಅಂದ್ಯಲ್ಲ."

"ಹಂಗೆಲ್ಲ ಬಿಡಕ್ಕಾಗಲ್ಲ ಕಣೇ."

"ನಿನ್ನ ಮೊಮ್ಮಗಳು ಅಮ್ಮ ಇದು."

ಬೇರೆ ದಾರಿ ಇರಲಿಲ್ಲವೇ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇತ್ತು. ಹೇಮಳನ್ನೂ ಮಗುವನ್ನೂ ಆಟೋದಲ್ಲಿ ಕೂರಿಸಿ ಹದಿನೈದು ದಿನ ಅವಳ ಅತ್ತೆಯ ಮನೆಗೆ ಕಳಿಸಬಹುದಿತ್ತು. ಬಾಣಂತನ ಮಾಡಲಾರದೆ ಕಳಿಸಿದಳು ಎಂದು ಬೀಗರು ಆಡಿಕೊಂಡಾರೆಂದು ಕಳಿಸಲಿಲ್ಲ. ಜಯಶೀಲಮ್ಮನ ಕೈಕಾಲು ಹಿಡಿಯಬಹುದಿತ್ತು. ಅದನ್ನೂ ಮಾಡಲಿಲ್ಲ.

ಹತ್ತೂವರೆಗೆ ಚನ್ನಾಜಮ್ಮನಿಗೆ ಇಂಜೆಕ್ಷನ್ ಕೊಟ್ಟೆ. ಹನ್ನೊಂದಕ್ಕೆ ಕಾಲನ್ನು ಮಣೆಯ ಮೇಲೆ ಇರಿಸಿ, ಗಾಯಕ್ಕೆ ಉಪ್ಪುನೀರು ಹನಿಸಿ, ಮಿಷನ್ನಿನ ಸ್ವಿಚ್ ಹಾಕಿದೆ. ಹಸಿರು ದೀಪ ಹತ್ತಿತು. ಸದ್ದಿನ ಗುಂಡಿಯನ್ನು ಮಾತ್ರ ತಿರುಗಿಸಲಿಲ್ಲ. ಸತ್ತ ಹಿಡಿಕೆಯನ್ನು ಗಾಯದ ಮೇಲೆ ನಿಧಾನವಾಗಿ ಆಡಿಸತೊಡಗಿದೆ. ಚನ್ನಾಜಮ್ಮ ಒಮ್ಮೆ ಕಾಲಿನತ್ತ ನೋಡಿದಳು, ಒಮ್ಮೆ ನನ್ನತ್ತ ನೋಡಿದಳು. ನಾನು ಹತ್ತಿಯ ಉಂಡೆ ಹುಡುಕುವವಳಂತೆ ಅತ್ತ ತಿರುಗಿದೆ.

ಹೊರಗೆ ಹನ್ನೊಂದು ಹೊಡೆದು ಐದು ನಿಮಿಷವಾಯಿತು. ಬೀದಿಯಲ್ಲಿ ಏನೋ ಗೊಂದಲ, ಕಾದು ಕೂತವರು ಒಬ್ಬರ ಮುಖ ಒಬ್ಬರು ನೋಡುವಾಗ ಆಗುವಂಥದು. ಆಮೇಲೆ ಹೋಟೆಲಿನಲ್ಲಿ ಲೋಟಗಳ ಸದ್ದು ಮತ್ತೆ ಶುರುವಾಯಿತು. ಯಾರೋ ಜೋರಾಗಿ ನಕ್ಕರು. ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ತಿಪ್ಪೇಶಿ ಕಿವಿಯಿಂದ ಹತ್ತಿ ತೆಗೆದು, ಅದನ್ನೇ ನೋಡುತ್ತಾ, "ಕರೆಂಟಿಲ್ವಾ ಸಿಸ್ಟರ್?" ಎಂದ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ನಾನು ಹಿಡಿಕೆ ಆಡಿಸುತ್ತಲೇ ಇದ್ದೆ. ಅವನೂ ಮತ್ತೆ ಕೇಳಲಿಲ್ಲ.

ಒಂದೇ ದಿನ ಎಂದುಕೊಂಡಿದ್ದೆ. ಆದರೆ ಆವತ್ತು ಮಗು ಹೊಟ್ಟೆ ತುಂಬ ಹಾಲು ಕುಡಿದು ಮಲಗಿತ್ತು, ಹೇಮ ಮೊದಲ ಸಲ ತಲೆ ಬಾಚಿಕೊಂಡಿದ್ದಳು. ಎರಡನೇ ದಿನ ಕೈ ತಾನಾಗಿಯೇ ಗುಂಡಿಯನ್ನು ಬಿಟ್ಟಿತು. ಮೂರನೇ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಔಷಧವಂತೂ ಒಳಗೆ ಹೋಗುತ್ತಿದೆಯಲ್ಲ, ಮೇಲೆ ಮಾಂಸ ತುಂಬಿದೆಯಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ ಪ್ರತಿದಿನ 'ಹನ್ನೆರಡು ನಿಮಿಷ' ಎಂದು ಬರೆದು ಸಹಿ ಹಾಕಿದೆ.

ಊರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಚನ್ನಾಜಮ್ಮ ದಿನಾ ಹತ್ತೂವರೆಗೆ ಕೋಲೂರಿಕೊಂಡು ಆಸ್ಪತ್ರೆಗೆ ಬರುವುದನ್ನು ಎಲ್ಲರೂ ನೋಡುತ್ತಿದ್ದರು. ಹನ್ನೊಂದಕ್ಕೆ ಸದ್ದು ಬರದಿರುವುದನ್ನೂ ಎಲ್ಲರೂ ಕೇಳುತ್ತಿದ್ದರು. ಅವೆರಡನ್ನೂ ಜೋಡಿಸಿಕೊಳ್ಳಲು ಯಾವ ವಿದ್ಯೆಯೂ ಬೇಕಿರಲಿಲ್ಲ. ನಾಲ್ಕನೇ ದಿನ ಹೂವಿನಂಗಡಿಯವಳು ನನ್ನನ್ನು ಕರೆದು ಒಂದು ಮೊಳ ಮಲ್ಲಿಗೆಯನ್ನು ಸುಮ್ಮನೆ ಕೈಗಿಟ್ಟಳು. ಗಂಗಾಧರಪ್ಪನವರು ಎದುರಿಗೆ ಸಿಕ್ಕಾಗ "ಮಕ್ಕಳು ಚೆನ್ನಾಗಿ ಓದ್ಕೊಳ್ತಿದಾರೆ ಸಿಸ್ಟರ್" ಎಂದಷ್ಟೇ ಹೇಳಿ, ಬೇಗ ಬೇಗ ನಡೆದರು. ನಾನು ಆ ಹೂವನ್ನು ಮುಡಿದುಕೊಂಡೆ. ಇಡೀ ಕಥೆಯಲ್ಲಿ ನನಗೆ ಹೇಳಲು ಹೆಚ್ಚು ಕಷ್ಟವಾಗುವುದು ಇದೇ. ಮಗುವಿನ ನೆಪ ಮೊದಲ ಮೂರು ದಿನದ್ದು. ಆಮೇಲಿನ ದಿನಗಳಲ್ಲಿ, ಜನ ನನ್ನನ್ನು ಕಂಡು ಮುಖ ಸಿಂಡರಿಸದೆ ಇರುವುದು ಹಿತವಾಗಿತ್ತು, ಅದಕ್ಕೇ ಬಿಟ್ಟೆ.

ಹತ್ತನೇ ದಿನ ಚನ್ನಾಜಮ್ಮ ಹತ್ತೂವರೆಗೆ ಬರಲಿಲ್ಲ. ಗಿರಣಿಯವರು ಹನ್ನೊಂದರ ಸುಮಾರಿಗೆ ಕೈಗಾಡಿಯಲ್ಲಿ ಕರೆತಂದರು. ಮೈ ಕೆಂಡವಾಗಿತ್ತು. ಪಟ್ಟಿ ಬಿಚ್ಚಿದರೆ ಮೇಲಿನ ಹೊಸ ಮಾಂಸ ಹಾಗೇ ಇತ್ತು, ಸುತ್ತಲ ಚರ್ಮ ಮಾತ್ರ ಊದಿ ಕಪ್ಪುಗಟ್ಟಿತ್ತು. ಒತ್ತಿದರೆ ಒಳಗಿನಿಂದ ನಾರುವ ನೀರು ಬಂತು. ಇಂಜೆಕ್ಷನ್ ಚುಚ್ಚಿ, ಅರ್ಧ ಗಂಟೆ ಕಾಯುವಷ್ಟೂ ತಾಳ್ಮೆಯಿಲ್ಲದೆ, ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ.

ಒಂಬತ್ತು ದಿನದ ಮೇಲೆ ಊರಿಗೆ ಮತ್ತೆ ಆ ಸದ್ದು ಕೇಳಿಸಿತು. ಕಿಟಕಿಯಿಂದ ನೋಡಿದೆ. ಬೀದಿಯಲ್ಲಿ ನಡೆಯುತ್ತಿದ್ದವರೆಲ್ಲ ನಿಂತುಬಿಟ್ಟಿದ್ದರು. ಕಿವಿ ಮುಚ್ಚಿಕೊಳ್ಳುವುದನ್ನೂ ಮರೆತು ಆಸ್ಪತ್ರೆಯ ಕಡೆಗೇ ನೋಡುತ್ತಿದ್ದರು. ಏನೋ ಆಗಿದೆ ಎಂದು ಅವರಿಗೆಲ್ಲ ತಿಳಿದಿತ್ತು. ನಮ್ಮ ಮನೆಯಿಂದ ಮಗು ಕಿರುಚುವುದು ಕೇಳಿಸುತ್ತಿತ್ತು. ನಾನು ಹನ್ನೆರಡು ನಿಮಿಷಕ್ಕೆ ನಿಲ್ಲಿಸಲಿಲ್ಲ, ಅರ್ಧ ಗಂಟೆ ಕೊಟ್ಟೆ. ಒಬ್ಬರೂ ಬಂದು ಗಲಾಟೆ ಮಾಡಲಿಲ್ಲ.

ಡಾಕ್ಟರಿಗೆ ಫೋನ್ ಹೋಯಿತು. ರಜೆ ಅರ್ಧಕ್ಕೆ ಬಿಟ್ಟು ಮಾರನೆಯ ಬೆಳಿಗ್ಗೆ ಬಂದರು. ಕಾಲನ್ನು ಒತ್ತಿ ಒತ್ತಿ ನೋಡಿದರು. ಆಮೇಲೆ ಪುಸ್ತಕ ತೆಗೆದು, ನನ್ನ ಸಹಿಗಳ ಮೇಲೆ ಬೆರಳಾಡಿಸಿದರು.

"ದಿನಾ ಕೊಟ್ಟಿದ್ದೀರಲ್ಲಾ ಸಿಸ್ಟರ್?"

"ಕೊಟ್ಟಿದ್ದೀನಿ ಸರ್."

ಅವರು ಬಾಗಿಲ ಕಡೆ ತಿರುಗಿದರು. "ತಿಪ್ಪೇಶಿ, ದಿನಾ ನಡೀತಾ?"

ತಿಪ್ಪೇಶಿ ನನ್ನನ್ನು ನೋಡದೆ, "ಹ್ಞೂ ಸಾ" ಎಂದ.

ಮಾತ್ರೆಗೆ ಬಂದು ಬೆಂಚಿನ ಮೇಲೆ ಕೂತಿದ್ದ ಗಂಗಾಧರಪ್ಪನವರನ್ನು ಯಾರೂ ಕೇಳಿರಲಿಲ್ಲ. ಅವರಾಗಿಯೇ ಗಂಟಲು ಸರಿಮಾಡಿಕೊಂಡು, "ದಿನಾ ಹನ್ನೊಂದಕ್ಕೆ ಸರಿಯಾಗಿ ಡಾಕ್ಟ್ರೇ. ನಮ್ಮ ಕಿವಿಯೇ ಸಾಕ್ಷಿ" ಎಂದರು. ಬೆಂಚಿನ ಮೇಲೆ ಇನ್ನೂ ನಾಲ್ಕೈದು ಜನ ಇದ್ದರು. ಒಬ್ಬರೂ ಅಲ್ಲ ಎನ್ನಲಿಲ್ಲ. ಇಬ್ಬರು ತಲೆಯನ್ನೂ ಆಡಿಸಿದರು. ಹಾಸಿಗೆಯ ಮೇಲೆ ಮಲಗಿದ್ದ ಚನ್ನಾಜಮ್ಮ ಜ್ವರದ ಕಣ್ಣಿನಿಂದ ನಮ್ಮೆಲ್ಲರ ತುಟಿಗಳನ್ನೂ ಒಂದೊಂದಾಗಿ ನೋಡುತ್ತಿದ್ದಳು.

ದೊಡ್ಡಾಸ್ಪತ್ರೆಗೆ ಸಾಗಿಸಿದರು. ಮೊಣಕಾಲಿನ ಕೆಳಗೆ ಕಾಲು ತೆಗೆದರು. ಡಾಕ್ಟರು ವಾಪಸು ಬಂದವರು, "ಎಲುಬಿನ ಕೀವು ಹಾಗೇ. ಎಷ್ಟು ಮಾಡಿದ್ರೂ ಕೆಲವು ಸಲ ಉಳಿಯಲ್ಲ" ಎಂದು ಬೇಸರದಿಂದ ಹೇಳಿದರು. ಆ ಒಂದು ಮಾತು ಸಂಜೆಯೊಳಗೆ ಊರೆಲ್ಲ ಹರಡಿತು. ಹೋಟೆಲಿನಲ್ಲಿ, ನಲ್ಲಿಯ ಹತ್ತಿರ, ಶಾಲೆಯ ಗೇಟಿನಲ್ಲಿ ಜನ ಅದನ್ನೇ ಒಬ್ಬರಿಗೊಬ್ಬರು ಹೇಳಿಕೊಂಡರು. ಎಷ್ಟು ಮಾಡಿದ್ರೂ ಉಳೀತಿರ್ಲಿಲ್ವಂತೆ. ನಾನೂ ಎರಡು ವಾರ ಅದನ್ನೇ ಹೇಳಿಕೊಂಡೆ. ಒಂಬತ್ತು ದಿನ ಸದ್ದು ಕೊಟ್ಟಿದ್ದರೆ ಕಾಲು ಉಳಿಯುತ್ತಿತ್ತೋ ಇಲ್ಲವೋ, ಅದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಗೊತ್ತಾಗುವ ಹಾಗಿಲ್ಲ ಎಂಬುದನ್ನೇ ನಾನು ಹೊದ್ದುಕೊಂಡು ಕೂತಿದ್ದೆ.

ಹೇಮ ಮಗುವಿನೊಂದಿಗೆ ಗಂಡನ ಊರಿಗೆ ಹೋದಳು. ಅವಳಿಗೆ ನಾನು ಏನೂ ಹೇಳಲಿಲ್ಲ, ಅವಳಿಗೂ ಗೊತ್ತಿತ್ತು. ಹೊರಡುವ ದಿನ ಕಾಲಿಗೆ ಬಿದ್ದು ಎದ್ದವಳು ನನ್ನ ಮುಖ ನೋಡದೆ ಆಟೋ ಹತ್ತಿದಳು.

ಚನ್ನಾಜಮ್ಮ ಊರಿಗೆ ಬಂದಿದ್ದಾಳೆಂದು ತಿಳಿದ ಮೇಲೆ ಐದು ದಿನ ನಾನು ಗಿರಣಿಯ ದಾರಿ ತಪ್ಪಿಸಿ ಓಡಾಡಿದೆ. ಆರನೇ ದಿನ ಸಂಜೆ ಹೋದೆ. ಒಂದು ಗೋಣಿತಾಟಿನ ಮೇಲೆ ಕೂತು ಆಕೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಇನ್ನು ಆಕೆಗೆ ಗಿರಣಿಯವರು ಕೊಡಬಹುದಾದ ಕೆಲಸ ಅದೊಂದೇ. ಎರಡೂ ಊರುಗೋಲು ಗೋಡೆಗೆ ಒರಗಿದ್ದವು. ನನ್ನನ್ನು ಕಂಡು, "ಬನ್ನಿ ಸಿಸ್ಟರಮ್ಮ, ಕೂತ್ಕೊಳ್ಳಿ" ಎಂದಳು.

ಆಕೆಯ ಎದುರಿಗೆ ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದೆ. "ಚನ್ನಾಜಮ್ಮ, ಆ ಒಂಬತ್ತು ದಿನ ನಾನು ಮಿಷನ್ನು ನಡೆಸ್ಲಿಲ್ಲ."

ಆಕೆ ಮೊರದಿಂದ ಕೈ ತೆಗೆಯಲಿಲ್ಲ. "ಗೊತ್ತು" ಎಂದಳು.

"ಹೆಂಗೆ ಗೊತ್ತು?"

"ಮೂವತ್ತೊಂದು ವರ್ಷ ಆ ಗಿರಣಿ ನೆಲದ ಮೇಲೆ ನಿಂತೋಳು ನಾನು. ಕಿವಿ ಹೋದ್ಮೇಲೆ ಮಿಷನ್ನು ನಡೀತಾ ನಿಂತ್ತಾ ಅಂತ ಅಂಗಾಲಲ್ಲೇ ತಿಳ್ಕೊಳ್ತಿದ್ದೆ. ನಿಮ್ಮ ಹಿಡಿಕೆ ಇಟ್ಟಾಗ್ಲೂ ಎಲುಬೊಳಗೆ ಇರುವೆ ಹರಿದಂಗೆ ಆಗೋದು. ಆವತ್ತು ಆಗ್ಲಿಲ್ಲ. ನಿಮ್ಮ ಮುಖ ನೋಡ್ದೆ. ನೀವು ಆ ಕಡೆ ತಿರುಗಿಬಿಟ್ರಿ."

"ಮತ್ತೆ ಯಾಕೆ ಹೇಳ್ಲಿಲ್ಲ ಚನ್ನಾಜಮ್ಮ? ಒಂದು ಮಾತು ಹೇಳ್ಬಾರ್ದಾಗಿತ್ತಾ?"

ಆಗ ಆಕೆ ತಲೆಯೆತ್ತಿದಳು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದವಳಂತೆ ನನ್ನನ್ನು ನೋಡಿದಳು.

"ಯಾರಿಗೆ ಹೇಳ್ಲಿ ಸಿಸ್ಟರಮ್ಮ? ಊರಿಗೆಲ್ಲ ಕೇಳ್ಸುತ್ತಲ್ಲ."

ನಾನು ಎದ್ದು ಬಂದೆ. ಬೀದಿಯಲ್ಲಿ ದೀಪ ಹಚ್ಚುವ ಹೊತ್ತು. ಮನೆಗಳ ಮುಂದೆ ಕೂತವರು ನಾನು ಎಲ್ಲಿಂದ ಬರುತ್ತಿದ್ದೇನೆಂದು ನೋಡಿ ಮಾತು ನಿಲ್ಲಿಸಿದರು.

ಶನಿವಾರ ಡಾಕ್ಟರು ಬಂದಾಗ ಅವರ ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನಗೆ ಕೇಳಿಸಲ್ಲ ಅಂತ ನಿಮ್ಮ ಕಿವಿಗಳನ್ನ ನಂಬಿದ್ದೆ. ಇಡೀ ಊರಿನ ಕಿವಿಗಳನ್ನ" ಎಂದರು. ಸ್ವಲ್ಪ ತಡೆದು, "ಹೆಡ್‌ಮಾಸ್ಟರೂ ಹೇಳಿದ್ರಲ್ಲ?" ಎಂದರು. ನಾನು ಸುಮ್ಮನಿದ್ದೆ.

ಮೇಲಿನವರಿಗೆ ಬರೆದರು, ಬರೆಯದೆ ಬಿಡುವ ಹಾಗಿರಲಿಲ್ಲ. ತಿಂಗಳೊಳಗೆ ನನ್ನನ್ನು ಕೆಲಸದಿಂದ ತೆಗೆದರು. ಕ್ವಾರ್ಟರ್ಸು ಬಿಟ್ಟು ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದೆ. ನಾನು ಮಾಡಿದ್ದಕ್ಕೆ ಊರಿನವರು ಬೈದಿರಲಿಲ್ಲ. ಹೇಳಿದ್ದಕ್ಕೆ ಬೈದರು. ಹೂವಿನಂಗಡಿಯವಳು ನಾನು ಹೋದರೆ ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಮುಚ್ಚುತ್ತಿದ್ದಳು. ಗಂಗಾಧರಪ್ಪನವರು ಮನೆಯ ಬಾಗಿಲಿಗೇ ಬಂದು, "ನಿಮ್ಮ ತಪ್ಪು ನೀವು ಒಪ್ಕೊಳ್ಳಿ, ಯಾರು ಬೇಡ ಅಂದ್ರು? ನಮ್ಮನ್ನೆಲ್ಲ ಯಾಕೆ ಎಳೆದ್ರಿ? ಡಾಕ್ಟ್ರು ನನ್ನ ಜೊತೆ ಮಾತೇ ಬಿಟ್ಟಿದಾರೆ" ಎಂದರು. ನಾನು ನಿಮ್ಮ ಹೆಸರು ಹೇಳಿಲ್ಲ ಎನ್ನಬಹುದಿತ್ತು. ಹೇಳಿ ಪ್ರಯೋಜನವಿಲ್ಲ ಎನಿಸಿತು.

ಆ ವರ್ಷದ ಕೊನೆಗೆ ಚನ್ನಾಜಮ್ಮನ ಮೊಂಡುಗಾಲಿನ ತುದಿಯಲ್ಲಿ ಮತ್ತೆ ಕೀವು ಕಾಣಿಸಿಕೊಂಡಿತು. ಬಸ್ಸಿಗೆ ಕಾಯುತ್ತಾ ನಿಂತಿದ್ದ ತಿಪ್ಪೇಶಿ ನನಗೆ ಅದನ್ನು ಹೇಳಿದ. ಮೂರನೇ ದಿನ ಅವನೇ ಬಾಗಿಲು ತಟ್ಟಿದ. "ಡಾಕ್ಟ್ರು ಕರೀತಾರೆ. ಆಯಮ್ಮ ಹಟ ಹಿಡಿದು ಕೂತಿದಾಳೆ. ನೀವು ಬರೋವರ್ಗೂ ಕಾಲು ಮುಟ್ಟಿಸ್ಕೊಳ್ಳಲ್ಲ ಅಂತಾಳೆ."

ಹೋದೆ. ಅದೇ ಕೋಣೆ, ಅದೇ ಮಣೆ. ಹಿಡಿಕೆ ಈಗ ಡಾಕ್ಟರ ಕೈಯಲ್ಲಿತ್ತು; ನನ್ನ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ, ಅವರೇ ದಿನಾ ಬರುವ ಹಾಗೆ ಮಾಡಿಕೊಂಡಿದ್ದರು. "ದೀಪ ಹತ್ತಿದೆ ನೋಡಮ್ಮ, ಮಿಷನ್ನು ಸರಿಯಾಗೇ ನಡೆಯುತ್ತೆ" ಎಂದು ಅವರು ಕೈಯಿಂದ ತೋರಿಸಿ ಹೇಳುತ್ತಿದ್ದರು.

"ದೀಪ ಆವಾಗ್ಲೂ ಉರೀತಿತ್ತು" ಎಂದಳು ಚನ್ನಾಜಮ್ಮ. ಆಮೇಲೆ ನನ್ನ ಕಡೆ ತಿರುಗಿದಳು. "ಕಾಲಿದ್ದಾಗ ಕಾಲಿಗೆ ಗೊತ್ತಾಗ್ತಿತ್ತು. ಈ ಮೊಂಡಿಗೆ ಏನೂ ಗೊತ್ತಾಗಲ್ಲ. ಡಾಕ್ಟ್ರಿಗೂ ಕೇಳ್ಸಲ್ಲ, ನಂಗೂ ಕೇಳ್ಸಲ್ಲ. ನೀವು ಇಲ್ಲಿ ನನ್ನ ಎದುರಿಗೆ ಕೂತ್ಕೊಳ್ಳಿ. ಕಿವಿಗೆ ಏನೂ ಇಟ್ಕೋಬೇಡಿ. ನಿಮ್ಮ ಮುಖ ನೋಡ್ತೀನಿ."

"ಬೇರೆ ಯಾರಾದ್ರೂ..." ಎಂದೆ.

"ಬೇರೆಯೋರ ಮುಖ ಸುಳ್ಳು ಹೇಳುವಾಗ ಹೆಂಗಿರುತ್ತೆ ಅಂತ ನಂಗೊತ್ತಿಲ್ಲ. ನಿಮ್ಮದು ಗೊತ್ತು."

ಸ್ಟೂಲು ಎಳೆದುಕೊಂಡು ಕೂತೆ. ನಮ್ಮಿಬ್ಬರ ಮೊಣಕಾಲು ತಾಗುವಷ್ಟು ಹತ್ತಿರ. ಡಾಕ್ಟರು ಗುಂಡಿ ತಿರುಗಿಸಿದರು. ಸದ್ದು ಹಲ್ಲಿನ ಬುಡಕ್ಕೆ ಇಳಿಯಿತು. ಅಷ್ಟು ಹತ್ತಿರದಲ್ಲಿ, ಹತ್ತಿಯೂ ಇಲ್ಲದೆ, ಅದನ್ನು ನಾನು ಎಂದೂ ಕೇಳಿರಲಿಲ್ಲ. ಹುಬ್ಬು ಗಂಟಾಯಿತು, ಕಣ್ಣಲ್ಲಿ ನೀರು ಬಂತು. ಕಣ್ಣು ಮುಚ್ಚಿಕೊಳ್ಳುವ ಹಾಗಿರಲಿಲ್ಲ, ತಗ್ಗಿಸುವ ಹಾಗಿರಲಿಲ್ಲ. ಹನ್ನೆರಡು ನಿಮಿಷ ಆಕೆ ನನ್ನ ಮುಖದಿಂದ ಒಮ್ಮೆಯೂ ನೋಟ ಕದಲಿಸಲಿಲ್ಲ. ನಡುವೆ ಡಾಕ್ಟರು ಕೈ ಬದಲಾಯಿಸಲು ಮಿಷನ್ನನ್ನು ಒಂದು ಕ್ಷಣ ನಿಲ್ಲಿಸಿದರೆ, "ನಿಂತ್ತು" ಎಂದು ಕೂಡಲೇ ಹೇಳಿದಳು. ಅವರು ಬೆಚ್ಚಿ ಮತ್ತೆ ಶುರುಮಾಡಿದರು.

ಇಪ್ಪತ್ತಾರು ದಿನ ಹೀಗೆ ನಡೆಯಿತು. ಯಾವ ದಿನವೂ ತಪ್ಪಲಿಲ್ಲ. ನಾನು ಹತ್ತೂವರೆಗೆ ಬೀದಿಯಲ್ಲಿ ನಡೆದು ಹೋಗುವಾಗ ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಾತಾಡಿಸುತ್ತಿರಲಿಲ್ಲ. ಹನ್ನೊಂದಕ್ಕೆ ಯಾರೂ ಗೊಣಗಿದ್ದು ಕೇಳಲಿಲ್ಲ. ಆಕೆಯೂ ಆ ಹನ್ನೆರಡು ನಿಮಿಷ ಬಿಟ್ಟರೆ ನನ್ನ ಜೊತೆ ಬೇರೆ ಮಾತಾಡಲಿಲ್ಲ. ಒಂದು ದಿನವಾದರೂ ಕ್ಷಮಿಸಿದೆ ಎಂದಾಳೆಂದು ಮೊದಮೊದಲು ಕಾದೆ. ಹತ್ತನೇ ದಿನದ ಹೊತ್ತಿಗೆ ಅದನ್ನು ಬಿಟ್ಟೆ. ಆಕೆಗೆ ಬೇಕಿದ್ದದ್ದು ನನ್ನ ಮುಖ ಒಂದೇ, ಅದನ್ನು ಸರಿಯಾಗಿ ಹಿಡಿದುಕೊಂಡು ಕೂರುವುದಷ್ಟೇ ನನ್ನ ಕೆಲಸ ಎಂದು ತಿಳಿದುಕೊಂಡೆ.

ಇಪ್ಪತ್ತಾರನೇ ದಿನ ಡಾಕ್ಟರು ಗಾಯವನ್ನು ಒತ್ತಿ ನೋಡಿ, "ಆಯ್ತು, ಇನ್ನು ಬೇಡ. ಒಣಗಿದೆ" ಎಂದರು. ಚನ್ನಾಜಮ್ಮ ಸೀರೆ ಕೆಳಗೆ ಎಳೆದುಕೊಂಡು, ಊರುಗೋಲುಗಳನ್ನು ಕಂಕುಳಿಗೆ ಕೊಟ್ಟು ಎದ್ದು ನಿಂತಳು. ನಾನು ಇನ್ನೂ ಸ್ಟೂಲಿನ ಮೇಲೆ ಆಕೆಯನ್ನೇ ನೋಡುತ್ತಾ ಕೂತಿದ್ದೆ.

"ಮುಗೀತಲ್ಲ ಸಿಸ್ಟರಮ್ಮ. ಇನ್ಮೇಲೆ ಮುಖ ಎಲ್ಲಿಗೆ ಬೇಕಾದ್ರೂ ತಿರುಗಿಸ್ಕೊಳ್ಳಿ" ಎಂದು ಜೋರಾಗಿ ಹೇಳಿ, ಬಾಗಿಲು ದಾಟಿ ಹೊರಟಳು.

ಎಲ್ಲಿಗೆ ತಿರುಗಿಸಬೇಕೆಂದು ನನಗೆ ತಿಳಿಯಲಿಲ್ಲ.